ತುಕ್ಕು ತೊಡೆದ ಕೈಗಳು

ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ಕೆಲವು ಪಟ್ಟಣಗಳಲ್ಲಿ, ಸೇವೆ ಮುಗಿಸಿದ ಯುದ್ಧದ ಟ್ಯಾಂಕುಗಳನ್ನು ಕಟ್ಟೆಯ ಮೇಲೆ ನಿಲ್ಲಿಸುವ ಪದ್ಧತಿ ಬಂದಿದೆ. ಮಡಿಕೇರಿಯಲ್ಲಿ ಜನರಲ್ ಕೆ. ಎಸ್. ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ೨೦೨೧ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದರ ಅಂಗಳದಲ್ಲಿಯೂ ಅಂಥದೊಂದು ಟ್ಯಾಂಕು ನಿಂತಿದೆ. ನೋಡಬಂದವರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ಮಕ್ಕಳು ಅದರ ಉಕ್ಕಿನ ಮೈಯನ್ನು ಮುಟ್ಟಿ ನೋಡುತ್ತಾರೆ. ನಮ್ಮ ಹಳ್ಳಿಗಳ ಊರಬಾಗಿಲಲ್ಲಿ ನಿಂತ ವೀರಗಲ್ಲುಗಳಿಗೂ ಈ ಟ್ಯಾಂಕುಗಳಿಗೂ ಒಂದು ಬಗೆಯ ನಂಟು ಉಂಟು. ಆದರೆ ಒಂದು ಭೇದವನ್ನು ಮರೆಯಲಾಗದು. ವೀರಗಲ್ಲು ನಿಲ್ಲುವುದಕ್ಕೆಂದೇ ಹುಟ್ಟಿದ್ದು. ಯಂತ್ರ ಹುಟ್ಟಿದ್ದು ಚಲಿಸುವುದಕ್ಕೆ. ನಿಂತ ಯಂತ್ರ ತನ್ನ ಕಥೆಯ ಅರ್ಧವನ್ನು ಮಾತ್ರ ಹೇಳುತ್ತದೆ. ಅದನ್ನು ಚಲಿಸುವಂತೆ ಮಾಡಿದವರು ಯಾರು, ಕೆಟ್ಟು ನಿಂತಾಗ ಎಬ್ಬಿಸಿದವರು ಯಾರು ಎಂಬ ಉಳಿದರ್ಧವನ್ನು ನಾವೇ ಹುಡುಕಿಕೊಳ್ಳಬೇಕು.

ಈ ಉಳಿದರ್ಧದ ಕಡೆಗೆ ನನ್ನ ಗಮನವನ್ನು ತಿರುಗಿಸಿದ್ದು ಯಾವ ಯುದ್ಧದ ಗ್ರಂಥವೂ ಅಲ್ಲ, ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಒಂದು ತೆಂಗಿನ ತೋಟ. ಆ ಸೀಮೆಯ ತೋಟಗಳನ್ನು ಬಲ್ಲವರಿಗೆ ‘ಎಂಜಿನ್ ಮನೆ’ ಎಂಬ ಮಾತು ಹೊಸದಲ್ಲ. ವಿದ್ಯುತ್ ಪಂಪುಗಳು ಬರುವ ಮೊದಲು ಬಾವಿಯ ನೀರನ್ನು ಮೇಲೆತ್ತುತ್ತಿದ್ದುದು ಆ ಪುಟ್ಟ ಹೆಂಚಿನ ಮನೆಯೊಳಗಿನ ಡೀಸೆಲ್ ಎಂಜಿನ್ನು. ಮೋಟಾರು ಬಂದ ಮೇಲೆ ನಮ್ಮ ತೋಟದ ಎಂಜಿನ್ನೂ ಮೂಲೆ ಸೇರಿ, ಅದರ ಮೇಲೆ ತೆಂಗಿನ ಗರಿಗಳ ಹೊರೆ ಬಿದ್ದಿತ್ತು. ಒಂದು ಬೇಸಿಗೆಯಲ್ಲಿ ಮಳೆಯೂ ಇಲ್ಲದೆ, ವಿದ್ಯುತ್ತೂ ಸರಿಯಾಗಿ ಬಾರದೆ ಎಳೆಯ ಸಸಿಗಳು ಬಾಡತೊಡಗಿದಾಗ ಆ ಎಂಜಿನ್ನಿನ ನೆನಪಾಯಿತು. ವಯಸ್ಸಾದ ರಿಪೇರಿಯವರೊಬ್ಬರನ್ನು ಕರೆಸಿದೆವು. “ಇದು ಸತ್ತುಹೋಗಿ ಎಷ್ಟು ಕಾಲವಾಯಿತೋ ಏನೋ” ಎಂದೆ ನಾನು. ಅವರು ದಪ್ಪ ಚಕ್ರಕ್ಕೆ ಕೈ ಕೊಟ್ಟು ನೋಡಿ, “ಸತ್ತಿಲ್ಲ ಮೇಷ್ಟ್ರೇ, ಹಿಡ್ಕೊಂಡಿದೆ ಅಷ್ಟೆ. ಅವಸರ ಮಾಡಬಾರದು” ಎಂದರು. ಒಳಗೆ ಸೀಮೆಎಣ್ಣೆ ಬಿಟ್ಟು ಎರಡು ದಿನ ಅದರ ಪಾಡಿಗೆ ಅದನ್ನು ಬಿಟ್ಟರು. ಮೂರನೆಯ ದಿನ ಚಕ್ರ ಬೆರಳಿನಷ್ಟು ಅಲುಗಿತು. ಸಂಜೆಯ ಹೊತ್ತಿಗೆ, ನಾನು ಬಾಲ್ಯದಲ್ಲಿ ಕೇಳಿದ ಅದೇ ಸದ್ದು ತೋಟದಲ್ಲೆಲ್ಲ ತುಂಬಿತು.

ಸತ್ತದ್ದಕ್ಕೂ ಹಿಡಿದುಕೊಂಡದ್ದಕ್ಕೂ ಇರುವ ಈ ಅಂತರವನ್ನು ಬಲ್ಲ ಕೈಗಳು ನಮ್ಮ ದೇಶದ ಇತಿಹಾಸದಲ್ಲಿ ಒಮ್ಮೆ ಬಹು ದೊಡ್ಡ ಕೆಲಸವನ್ನು ಮಾಡಿದುವು. ೧೯೪೮ನೆಯ ಇಸವಿಯ ನವೆಂಬರ್ ತಿಂಗಳ ಮೊದಲ ಎರಡು ದಿನಗಳು ಅದಕ್ಕೆ ಸಾಕ್ಷಿ. ಆ ಎರಡೂ ದಿನಗಳ ಘಟನೆಗಳಿಗೆ ಕನ್ನಡ ನಾಡಿನ ಸಂಬಂಧವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮೊದಲ ದಿನದ ಕಥೆ ಕಾಶ್ಮೀರದ್ದು. ಆಗ ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯ ಹೆಬ್ಬಾಗಿಲಾದ ಜೋಜಿ ಲಾ ಕಣಿವೆ ಎದುರಾಳಿಗಳ ಕೈಯಲ್ಲಿತ್ತು. ಅದು ಸಮುದ್ರಮಟ್ಟದಿಂದ ೧೧,೫೦೦ ಅಡಿಗಳಿಗೂ ಮೇಲಿನ ಹಾದಿ. ಚಳಿಗಾಲದ ಹಿಮ ಮುಚ್ಚಿಕೊಳ್ಳುವುದರೊಳಗೆ ದಾರಿ ತೆರೆಯದಿದ್ದರೆ ಲೇಹ್ ಕೈಬಿಟ್ಟುಹೋಗುವ ಭಯ. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿಗಳು ಫಲಿಸಲಿಲ್ಲ. ಆ ರಂಗದ ಹೊಣೆ ಹೊತ್ತಿದ್ದ, ಕೊಡಗಿನ ಮಗ ಮೇಜರ್ ಜನರಲ್ ತಿಮ್ಮಯ್ಯನವರು ಯಾರೂ ನಿರೀಕ್ಷಿಸದ ಒಂದು ನಿರ್ಧಾರಕ್ಕೆ ಬಂದರು: ಆ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸುವುದು.

ಅವು ಹೊಸ ಟ್ಯಾಂಕುಗಳೇನಲ್ಲ. ಅಮೆರಿಕದಲ್ಲಿ ತಯಾರಾದ, ಎರಡನೆಯ ಮಹಾಯುದ್ಧದಲ್ಲಿ ದುಡಿದ, ಸುಮಾರು ೧೫ ಟನ್ ತೂಕದ ‘ಸ್ಟೂಅರ್ಟ್’ ಟ್ಯಾಂಕುಗಳು. ಅವನ್ನು ನಡೆಸುತ್ತಿದ್ದ ಏಳನೆಯ ಲೈಟ್ ಕ್ಯಾವಲ್ರಿ ದಳ ಅದೇ ಜಾತಿಯ ಟ್ಯಾಂಕುಗಳೊಡನೆ ಬರ್ಮಾದ ರಂಗದಲ್ಲಿ ಹೋರಾಡಿ ಬಂದದ್ದು. ಮುಗಿದ ಯುದ್ಧವೊಂದರ ಉಳಿಕೆಗಳನ್ನು ಹಿಮದ ಬೆಟ್ಟಕ್ಕೆ ಏರಿಸುವುದೆಂದರೆ ಅದು ಮೊದಲಿಗೆ ಸೇನಾಪತಿಯ ಧೈರ್ಯಕ್ಕಿಂತ ರಿಪೇರಿಯವರ ಜಾಣ್ಮೆಯ ಪ್ರಶ್ನೆ. ತೋಪನ್ನು ಹೊತ್ತು ತಿರುಗುವ ಮೇಲ್ಭಾಗವನ್ನು ಕಳಚಿ ಬೇರೆಯಾಗಿ ಸಾಗಿಸಿದರು. ದಾರಿಯ ಸೇತುವೆಗಳು ಅಷ್ಟು ಭಾರವನ್ನು ತಡೆಯುವಂತಿರಲಿಲ್ಲ. ಮೇಲಾಗಿ, ಹೋಗುತ್ತಿರುವುದು ಟ್ಯಾಂಕೆಂದು ಯಾರಿಗೂ ಗೊತ್ತಾಗಬಾರದಿತ್ತು. ರಾತ್ರಿಯ ಕತ್ತಲೆಯಲ್ಲಿ ಶ್ರೀನಗರವನ್ನು ದಾಟಿಸಿ, ಬಾಲತಾಲದಲ್ಲಿ ಮತ್ತೆ ಜೋಡಿಸಿದರು. ಹೇಸರಗತ್ತೆಗಳು ನಡೆಯುವ ಕಾಲುದಾರಿಯನ್ನು ಟ್ಯಾಂಕು ಹತ್ತುವಂತೆ ಅಗಲಿಸಿದವರು ಮೇಜರ್ ತಂಗರಾಜು ಅವರ ನೇತೃತ್ವದ ಮದ್ರಾಸ್ ಸ್ಯಾಪರ್ಸ್ ಯೋಧರು. ಈ ಪಡೆಯ ಕೇಂದ್ರವಿರುವುದು ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿ.

ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಬಲ ಕುಗ್ಗುತ್ತದೆ. ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ. ಉಕ್ಕಿನ ಪಟ್ಟಿಗಳು ಹಿಮದ ಮೇಲೆ ಜಾರುತ್ತವೆ. ಆದರೂ ನವೆಂಬರ್ ೧ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ತಿಮ್ಮಯ್ಯನವರು ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಜೋಜಿ ಲಾ ಕೈವಶವಾಯಿತು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್‌ಗಳೂ ಮರಳಿ ಬಂದು ಲೇಹ್‌ನ ದಾರಿ ತೆರೆಯಿತು. ಇಷ್ಟು ಕಥೆ ಪುಸ್ತಕಗಳಲ್ಲಿದೆ. ಕಳಚಿದ ಭಾಗಗಳನ್ನು ಕೊರೆಯುವ ಚಳಿಯಲ್ಲಿ ಮತ್ತೆ ಜೋಡಿಸಿದ ಕೈಗಳಿಗೆ ಅಲ್ಲಿ ಸಿಕ್ಕಿರುವುದು ಒಂದೆರಡು ವಾಕ್ಯಗಳು ಮಾತ್ರ.

ಎರಡನೆಯ ದಿನದ ಕಥೆ ನೆಲದ್ದಲ್ಲ, ಆಕಾಶದ್ದು. ಮರುದಿನವೇ, ನವೆಂಬರ್ ೨ರಂದು, ಕಾನ್ಪುರದಲ್ಲಿ ಭಾರತೀಯ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ರೂಪುಗೊಂಡಿತು. ಅದರ ಪಾಲಿಗೆ ಬಂದವು ನಾಲ್ಕು ಎಂಜಿನ್ನುಗಳ ‘ಲಿಬರೇಟರ್’ ಎಂಬ ಭಾರಿ ಬಾಂಬರ್ ವಿಮಾನಗಳು. ಇವನ್ನು ಭಾರತ ಯಾವ ದೇಶದಿಂದಲೂ ಹೊಸದಾಗಿ ತರಿಸಲಿಲ್ಲ. ಗುಜರಿಯ ರಾಶಿಯಿಂದ ಎತ್ತಿ, ಬೆಂಗಳೂರಿನಲ್ಲಿ ಜೀರ್ಣೋದ್ಧಾರ ಮಾಡಿಸಿತು.

ಈ ವಿಮಾನಗಳು ಗುಜರಿಯಾದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಯುದ್ಧಕಾಲದಲ್ಲಿ ಅಮೆರಿಕವು ‘ಲೆಂಡ್-ಲೀಸ್’ ಎಂಬ ಎರವಿನ ಒಪ್ಪಂದದ ಮೇಲೆ ಬ್ರಿಟಿಷರಿಗೆ ಅಸಂಖ್ಯ ವಿಮಾನಗಳನ್ನು ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕು, ಇಲ್ಲವೇ ಯಾರಿಗೂ ಉಪಯೋಗಕ್ಕೆ ಬಾರದಂತೆ ನಾಶಮಾಡಬೇಕು ಎಂಬುದು ಕರಾರು. ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ಸಾಲಾಗಿ ನಿಂತಿದ್ದ ಲಿಬರೇಟರುಗಳ ಗತಿ ಈ ಎರಡನೆಯದಾಯಿತು. ಎಂಜಿನ್ನಿನೊಳಗೆ ಮರಳು ಹಾಕಿದರು, ಉಪಕರಣಗಳನ್ನು ಒಡೆದರು, ಮೈಯನ್ನು ಜಜ್ಜಿದರು. ಹೀಗೆ ‘ಕೊಂದು’ ಹಾಕಿದ ವಿಮಾನಗಳನ್ನು ಮಳೆ ಬಿಸಿಲುಗಳಿಗೆ ಬಿಟ್ಟು ಹೊರಟುಹೋದರು. ಸ್ವತಂತ್ರ ಭಾರತಕ್ಕೆ ಭಾರಿ ವಿಮಾನಗಳು ಬೇಕಾದಾಗ, ಅವು ಸತ್ತಿವೆಯೋ ಹಿಡಿದುಕೊಂಡಿವೆಯೋ ಎಂದು ಪರೀಕ್ಷಿಸುವ ಕೆಲಸ ಬಿದ್ದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಮೇಲೆ.

ಆ ಕಾರ್ಖಾನೆಗೆ ಆಗ ಎಂಟು ವರ್ಷದ ಪ್ರಾಯವೂ ತುಂಬಿರಲಿಲ್ಲ. ೧೯೪೦ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಅದನ್ನು ಸ್ಥಾಪಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಉತ್ಸಾಹ ಅದರ ಬೆನ್ನಿಗಿತ್ತು. ವಿಮಾನ ಕಟ್ಟುವ ಕನಸಿನಿಂದ ಹುಟ್ಟಿದ ಈ ಸಂಸ್ಥೆಯನ್ನು ಯುದ್ಧವು ಬಲುಬೇಗ ದೊಡ್ಡದೊಂದು ರಿಪೇರಿ ಶಾಲೆಯನ್ನಾಗಿ ಮಾಡಿತು. ಅಮೆರಿಕದ ಸೇನೆಯವರು ಬಂದು ನೆಲೆಸಿದರು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗಾಗಿ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದುವು. ಇಂದು ನೊರೆಯ ಕಾರಣಕ್ಕಾಗಿಯೇ ಸುದ್ದಿಯಾಗಿರುವ ಆ ಕೆರೆ ಒಂದು ಕಾಲಕ್ಕೆ ವಿಮಾನಗಳ ಬಂದರಾಗಿತ್ತೆಂದರೆ ನಂಬುವುದು ಕಷ್ಟ. ಆ ವರ್ಷಗಳಲ್ಲಿ ಇಲ್ಲಿನ ಕೆಲಸಗಾರರು ಕಲಿತ ವಿದ್ಯೆಯೇ ಮುಂದೆ ಲಿಬರೇಟರುಗಳ ಪಾಲಿಗೆ ಸಂಜೀವಿನಿಯಾಯಿತು.

ಮೊದಲು ಕಾನ್ಪುರದಲ್ಲಿಯೇ, ಒಮ್ಮೆ ಹಾರುವಷ್ಟು ಮಟ್ಟಿಗೆ ಒಂದೊಂದು ವಿಮಾನವನ್ನೂ ಸರಿಮಾಡಿದರು. ಅನಂತರ ಕಾರ್ಖಾನೆಯ ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಶಿಯವರು ಅವುಗಳನ್ನು ಸುಮಾರು ೧,೫೦೦ ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ಬಂದವು ಒಂದೆರಡಲ್ಲ, ೪೦ಕ್ಕೂ ಹೆಚ್ಚು. ಅರೆಜೀವದ ಯಂತ್ರದೊಳಗೆ ಕುಳಿತು ವಿಂಧ್ಯವನ್ನು ದಾಟಿ ಬಂದ ಆ ಮನುಷ್ಯನ ಎದೆಗಾರಿಕೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಆ ಎದೆಗಾರಿಕೆಗೆ ಆಧಾರವಾಗಿದ್ದುದು, ಕಾನ್ಪುರದ ಬಯಲಿನಲ್ಲಿ ತಿರುಪು ಬಿಗಿದವರ ಮೇಲಿನ ನಂಬಿಕೆ ಎಂಬುದನ್ನು ಮರೆಯಬಾರದು.

ಬೆಂಗಳೂರಿನಲ್ಲಿ ನಡೆದ ಕೆಲಸವನ್ನು ಕನ್ನಡ ಎಂ.ಎ. ಓದಿದವರಿಗೆ ಅರ್ಥಮಾಡಿಸುವುದು ಸುಲಭ. ಅದು ಗ್ರಂಥಸಂಪಾದನೆಯ ಕೆಲಸ. ಹಳೆಯ ಕಾವ್ಯವೊಂದರ ನಾಲ್ಕಾರು ಓಲೆಪ್ರತಿಗಳು ದೊರೆತಿವೆ ಎನ್ನೋಣ. ಒಂದರಲ್ಲಿ ಮೊದಲ ಗರಿಗಳಿಲ್ಲ, ಇನ್ನೊಂದನ್ನು ಹುಳು ತಿಂದಿದೆ, ಮತ್ತೊಂದರಲ್ಲಿ ನಡುವೆ ಗ್ರಂಥಪಾತ. ಸಂಪಾದಕನು ಇಲ್ಲಿಂದ ಒಂದು ಪದ್ಯ, ಅಲ್ಲಿಂದ ಒಂದು ಪದ್ಯ ಆಯ್ದು ಶುದ್ಧಪ್ರತಿಯೊಂದನ್ನು ಕಟ್ಟುತ್ತಾನೆ. ಲಿಬರೇಟರಿನ ಒಂದೊಂದು ಎಂಜಿನ್ನಿನಲ್ಲಿ ೧೪ ಸಿಲಿಂಡರುಗಳು. ಒಂದು ವಿಮಾನಕ್ಕೆ ೫೬. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ೧೧೦ ಅಡಿ. ಇಷ್ಟನ್ನೂ ಬಿಚ್ಚಿ, ತೊಳೆದು, ಅಳೆದು, ಕೆಟ್ಟದ್ದನ್ನು ತೆಗೆದು, ಬೇರೊಂದು ವಿಮಾನದ ಒಳ್ಳೆಯ ಭಾಗವನ್ನು ಅದರ ಜಾಗಕ್ಕೆ ಹೊಂದಿಸಿ ಮತ್ತೆ ಕಟ್ಟಬೇಕು. ವ್ಯತ್ಯಾಸವೊಂದೇ: ನಮ್ಮ ಸಂಪಾದನೆಯಲ್ಲಿ ಪಾಠ ತಪ್ಪಿದರೆ ವಿಮರ್ಶಕರು ಕೋಪಿಸಿಕೊಳ್ಳುತ್ತಾರೆ, ಅವರ ಸಂಪಾದನೆಯಲ್ಲಿ ತಪ್ಪಿದರೆ ಮನುಷ್ಯರು ಸಾಯುತ್ತಾರೆ.

ಹೀಗೆ ಮರುಹುಟ್ಟು ಪಡೆದ ವಿಮಾನಗಳು ೧೯೬೮ರ ಕೊನೆಯವರೆಗೆ, ಅಂದರೆ ೨೦ ವರ್ಷ, ಹಾರಿದುವು. ಬಾಂಬು ಹೊರುವ ಕೆಲಸ ಮುಗಿದ ಮೇಲೆ ಸಮುದ್ರದ ಕಾವಲನ್ನು ಕಾದುವು. ಅಷ್ಟರಲ್ಲಿ ಬೇರೆಡೆಯ ಲಿಬರೇಟರುಗಳು ಬಹುಮಟ್ಟಿಗೆ ಕರಗಿ ಅಲ್ಯೂಮಿನಿಯಮ್ ಆಗಿಹೋಗಿದ್ದುವು. ೧೮,೦೦೦ಕ್ಕೂ ಹೆಚ್ಚು ತಯಾರಾದ ಆ ಜಾತಿಯಲ್ಲಿ ಉಳಿದವು ಬೆರಳೆಣಿಕೆಯಷ್ಟು. ವಸ್ತುಸಂಗ್ರಹಾಲಯಗಳವರು ಹುಡುಕುತ್ತ ಹುಡುಕುತ್ತ ಭಾರತಕ್ಕೆ ಬಂದರು. ೧೯೬೮ರಲ್ಲಿ ಒಂದು ಕೆನಡಾಕ್ಕೆ, ೧೯೬೯ರಲ್ಲಿ ಒಂದು ಅಮೆರಿಕದ ಅರಿಜೋನಾಕ್ಕೆ, ೧೯೭೪ರಲ್ಲಿ ಒಂದು ಬ್ರಿಟನ್ನಿಗೆ, ತಮ್ಮ ರೆಕ್ಕೆಗಳಿಂದಲೇ ಹಾರಿಹೋದುವು. ಯಾರು ಮರಳು ಸುರಿದು ಹೋಗಿದ್ದರೋ ಅವರ ವಸ್ತುಸಂಗ್ರಹಾಲಯಕ್ಕೇ ನಾವು ಉಳಿಸಿಕೊಂಡದ್ದು ಕಾಣಿಕೆಯಾಗಿ ಸಂದಿತು. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಒಂದನ್ನು ಇಂದಿಗೂ ಕಾಣಬಹುದು.

ಇನ್ನೊಂದು ವಿಮಾನದ ಕಥೆ ಯೋಚನೆಗೆ ಹಚ್ಚುವಂಥದು. ೧೯೮೦ರ ದಶಕದ ಮೊದಲಿಗೆ ಅದು ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಕೈಸೇರಿತು. ಅವರು ಅದನ್ನು ಮೊದಲಿನಿಂದ ಕೊನೆಯವರೆಗೆ ಬಿಚ್ಚಿ ಕಟ್ಟಿ, ೧೯೮೯ರಲ್ಲಿ ಮತ್ತೆ ಹಾರಿಸಿದರು. ಮುಂದೆ ಹಲವು ವರ್ಷ ಅದು ಊರೂರಿಗೆ ಹಾರುತ್ತ, ಹಳೆಯ ಯೋಧರ ಕಣ್ಣಲ್ಲಿ ನೀರು ತರಿಸಿತು. ಹಳೆಯ ಯಂತ್ರವನ್ನು ಮತ್ತೆ ನಡೆಸಿ ತೋರಿಸುವುದರ ಬೆಲೆ ಇದು. ಕಟ್ಟೆಯ ಮೇಲಿನ ಯಂತ್ರ ಇದನ್ನು ಮಾಡಲಾರದು. ಆದರೆ ಅದಕ್ಕೆ ಬಳಿದ ಬಣ್ಣ, ಬರೆದ ಹೆಸರು ಎಲ್ಲವೂ ಅಮೆರಿಕದ ಯುದ್ಧಕಾಲದವು. ಅದು ಅಮೆರಿಕದಲ್ಲೇ ಹುಟ್ಟಿದ್ದರಿಂದ ಅದರಲ್ಲಿ ತಪ್ಪೇನಿಲ್ಲ. ಆದರೂ ಭಾರತದಲ್ಲಿ ಅದು ದುಡಿದ ೨೦ ವರ್ಷಗಳು ಆ ಬಣ್ಣದ ಕೆಳಗೆ ಮುಚ್ಚಿಹೋದುವು. ಕವಿಯ ಹೆಸರನ್ನು ಉಳಿಸಿ, ಅಷ್ಟು ಕಾಲ ಕಾವ್ಯವನ್ನು ಕಾಪಾಡಿಕೊಂಡು ಬಂದ ಲಿಪಿಕಾರನ ಹೆಸರನ್ನು ಬಿಟ್ಟುಬಿಟ್ಟಂತಾಯಿತು.

ಇದಕ್ಕಾಗಿ ಪರರನ್ನು ದೂರುವ ಹಕ್ಕು ನಮಗಿದೆಯೇ? ನಾವು ತಾನೇ ಆ ಲಿಪಿಕಾರರ ಹೆಸರನ್ನು ಎಲ್ಲಿ ಬರೆದಿಟ್ಟಿದ್ದೇವೆ? ಮುನ್ಶಿಯವರ ಹೆಸರು ಉಳಿದಿದೆ, ಸೇನಾಧಿಕಾರಿಗಳ ಹೆಸರು ಉಳಿದಿದೆ. ಆ ೫೬ ಸಿಲಿಂಡರುಗಳ ಮರಳನ್ನು ತೊಳೆದವರು, ಜಜ್ಜಿದ ತಗಡನ್ನು ತಟ್ಟಿ ನೇರಮಾಡಿದವರು ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಸಾಮಾನ್ಯ ಕೆಲಸಗಾರರು. ಅದೇ ಕಾರ್ಖಾನೆಯಲ್ಲಿ, ವಿ. ಎಂ. ಘಾಟ್ಗೆಯವರ ಮಾರ್ಗದರ್ಶನದಲ್ಲಿ, ೧೯೫೧ರಲ್ಲಿ ನಮ್ಮದೇ ವಿನ್ಯಾಸದ ಎಚ್.ಟಿ.-೨ ವಿಮಾನ ಹಾರಿತು. ಪರರ ಪಾಠವನ್ನು ಶುದ್ಧಮಾಡಿ ಪಳಗಿದ ಕೈಗಳು ಸ್ವಂತ ಕಾವ್ಯವನ್ನು ಬರೆಯತೊಡಗಿದುವು. ಹೀಗಿದ್ದೂ ಅವರ ನೆನಪುಗಳು ಕನ್ನಡದಲ್ಲಿ ಸಂಗ್ರಹವಾಗಿ ಬಂದದ್ದನ್ನು ನಾನಂತೂ ಓದಿಲ್ಲ.

ಕೊಲ್ಲುವ ಯಂತ್ರಗಳ ಮೇಲೆ ಇಷ್ಟೇಕೆ ಮಮತೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಲಿಬರೇಟರುಗಳು ಸುಟ್ಟ ಊರುಗಳನ್ನು ನಾವು ಮರೆಯಬಾರದು. ಆದರೆ ಆಯುಧಪೂಜೆಯ ದಿನ ನಮ್ಮವರು ಕತ್ತಿಯೊಡನೆ ಕುಡುಗೋಲನ್ನೂ ನೇಗಿಲನ್ನೂ ಇಟ್ಟು ಪೂಜಿಸುವಾಗ, ಆ ಅರಿಸಿನ ಕುಂಕುಮ ಸಲ್ಲುವುದು ಕೊಲೆಗಲ್ಲ, ಕೈಗೆಲಸಕ್ಕೆ. ನಾನು ಇಲ್ಲಿ ಸ್ಮರಿಸುತ್ತಿರುವುದೂ ಅದನ್ನೇ. ಹಾಳುಮಾಡುವುದಕ್ಕೆ ಒಂದು ಹಿಡಿ ಮರಳು ಸಾಕಾಯಿತು. ಅದನ್ನು ತೊಳೆದು ತೆಗೆಯುವುದಕ್ಕೆ ಬೇಕಾದ ತಾಳ್ಮೆಯೇ ಬೇರೆ.

ದಬ್ಬೇಘಟ್ಟದ ತೋಟದ ಆ ಎಂಜಿನ್ನು ಆ ಬೇಸಿಗೆಯನ್ನು ದಾಟಿಸಿತು. ಅಂದು ನೀರುಂಡ ಸಸಿಗಳು ಈಗ ಫಲ ಕೊಡುವ ಮರಗಳಾಗಿವೆ. ಅದನ್ನು ಎಬ್ಬಿಸಿದ ಹಿರಿಯರು ಈಗಿಲ್ಲ. ಎಂಜಿನ್ನಿನ ಮೇಲಿನ ತಗಡಿನಲ್ಲಿ ಅದನ್ನು ತಯಾರಿಸಿದ ಕಂಪನಿಯ ಹೆಸರು ಇನ್ನೂ ಸ್ಪಷ್ಟವಾಗಿದೆ. ಮೂರು ದಿನ ನಮ್ಮ ಮನೆಯಲ್ಲಿ ಉಂಡು, ತೋಟದಲ್ಲಿ ದುಡಿದ ಅವರ ಪೂರ್ಣ ಹೆಸರನ್ನು ಮಾತ್ರ ನಾನು ಕೇಳಿಕೊಳ್ಳಲೇ ಇಲ್ಲ. ಶಾಸನಗಳ ಕೊನೆಯಲ್ಲಿ ಕಲ್ಲು ಕೊರೆದ ರೂವಾರಿಯ ಹೆಸರು ಇದೆಯೇ ಎಂದು ಹುಡುಕಿ ನೋಡುವುದನ್ನು ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಕಲಿಸಿದವನು ನಾನು.

(ಬಾನುಲಿ ಭಾಷಣ)