ತವರದ ತವರು

ನಮ್ಮ ಹೊಸೂರಿನ ಹಳೆಯ ಪೇಟೆಗೆ ವರ್ಷಕ್ಕೆರಡು ಸಲ ಕಲಾಯಿಯವನು ಬಂದು, ಬೇವಿನ ಮರದಡಿ ಗುಳಿ ತೋಡಿ ತಿದಿ ಹೂಡುತ್ತಿದ್ದುದನ್ನು ನನ್ನ ವಯಸ್ಸಿನ ಸದಸ್ಯರು ಮರೆತಿರಲಾರರು. ಕಾದ ಹಿತ್ತಾಳೆಯ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ತಾಕಿಸಿ, ಹತ್ತಿಯ ಉಂಡೆಯಿಂದ ಒರೆಸಿದೊಡನೆ ಕಪ್ಪಾಗಿದ್ದ ಒಳಮೈ ಬೆಳ್ಳಿಯಂತೆ ಬೆಳಗುತ್ತಿತ್ತು. ಆ ಕಡ್ಡಿ ಎಲ್ಲಿಂದ ಬರುತ್ತದೆಂದು ನಾನೊಮ್ಮೆ ಕೇಳಿದ್ದಕ್ಕೆ ಅವನು ‘ಶೆಟ್ಟರ ಅಂಗಡಿಯಿಂದ’ ಎಂದಿದ್ದ. ಉತ್ತರ ಸರಿಯಾದುದೇ. ಆದರೆ ಶೆಟ್ಟರ ಅಂಗಡಿಗೆ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನೊಳಗೆ ಉಳಿಯಿತು. ಆ ಕಾಲದಲ್ಲಿ ನಮ್ಮ ಕಡೆಗೆ ಬರುತ್ತಿದ್ದುದು ಬಹುಮಟ್ಟಿಗೆ ಮಲಯದ ತವರವೆಂದು ಮುಂದೆ ಓದಿ ತಿಳಿದೆ. ತವರಕ್ಕೆ ಇನ್ನೂ ಹಳೆಯ ತವರುಮನೆಯೊಂದುಂಟು. ಅದನ್ನು ಕಾಣುವ ಯೋಗ ನಿವೃತ್ತಿಯ ನಂತರ, ಪ್ಲಿಮತ್ ನಗರದಲ್ಲಿ ಕೆಲಸದಲ್ಲಿದ್ದ ಮಗಳ ಮನೆಗೆ ಹೋದಾಗ ಒದಗಿತು.

ಇಂಗ್ಲೆಂಡಿನ ನೈಋತ್ಯದಲ್ಲಿ ಡೆವನ್ ಎಂಬ ಸೀಮೆ. ಅದರ ನಡುವೆ ಎದ್ದು ನಿಂತ ಗ್ರಾನೈಟ್ ಕಲ್ಲಿನ ಪ್ರಸ್ಥಭೂಮಿಗೆ ಡಾರ್ಟ್‌ಮೂರ್ ಎಂದು ಹೆಸರು. ಮೂರ್ ಎಂದರೆ ಮರಗಳಿಲ್ಲದೆ, ಒರಟು ಹುಲ್ಲು, ಕುರುಚಲು ಪೊದೆ ಮತ್ತು ಜೌಗು ತುಂಬಿದ ಎತ್ತರದ ಬಯಲು. ಮಳೆ, ಮಂಜು, ಬಿಡದೆ ಬೀಸುವ ಗಾಳಿ. ಅಲ್ಲಲ್ಲಿ ಬಂಡೆಗಳ ಗುಡ್ಡೆ. 1951ರಿಂದ ಅದು ರಾಷ್ಟ್ರೀಯ ಉದ್ಯಾನ. ಜನ ಅಲ್ಲಿಗೆ ‘ಮನುಷ್ಯನ ಕೈ ಸೋಕದ ಪ್ರಕೃತಿ’ಯನ್ನು ನೋಡಲೆಂದು ಹೋಗುತ್ತಾರೆ. ನಾನೂ ಹಾಗೆಯೇ ಹೋದೆ. ಒಂದು ಹೊಳೆಯ ದಡದಲ್ಲಿ ಹುಲ್ಲು ಮುಚ್ಚಿದ ದಿಬ್ಬಗಳು ಸಾಲುಸಾಲಾಗಿ, ಉತ್ತ ಹೊಲದ ಏರಿಗಳಂತೆ ಮಲಗಿದ್ದವು. ಪ್ರಕೃತಿ ಅಷ್ಟು ಶಿಸ್ತಿನಿಂದ ದಿಬ್ಬ ಹಾಕುವುದಿಲ್ಲ. ಅವು ಮಧ್ಯಯುಗದ ತವರದ ಕೂಲಿಗಳು ಎಸೆದ ಕಲ್ಲುಮಣ್ಣು.

ತವರದ ಅದಿರು ಕಪ್ಪು, ಬಲು ತೂಕದ್ದು. ಅದೇ ಗಾತ್ರದ ನೀರಿಗಿಂತ ಸುಮಾರು 7 ಪಟ್ಟು ಭಾರ. ಅದರ ಜೊತೆಗಿರುವ ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಬಂಡೆ ಸವೆದು ಅದಿರಿನ ಹರಳುಗಳು ಲಕ್ಷಾಂತರ ವರ್ಷಗಳಲ್ಲಿ ಕಣಿವೆಯ ತಳ ಸೇರಿದ್ದವು. ಮೇಲಿನಿಂದ ನೀರು ಹಾಯಿಸಿ ಆ ಮಣ್ಣನ್ನು ಕಲಕಿದರೆ ಹಗುರವಾದುದು ಕೊಚ್ಚಿಹೋಗುತ್ತದೆ, ಭಾರವಾದುದು ಉಳಿಯುತ್ತದೆ. ನಮ್ಮ ತಾಯಂದಿರು ಅಕ್ಕಿ ಜಾಲಿಸುವಾಗ ಕಲ್ಲು ತಳದಲ್ಲಿ ನಿಲ್ಲುವ ಉಪಾಯವೇ ಇದು. ವ್ಯತ್ಯಾಸವೇನೆಂದರೆ, ಇಲ್ಲಿ ಬೇಕಾದುದು ಕಲ್ಲು.

ಕೂಲಿಗಳು ಕಣಿವೆಯ ಕೆಳಗಿನಿಂದ ಮೇಲಕ್ಕೆ ಅಗೆಯುತ್ತ ಸಾಗುತ್ತಿದ್ದರು. ಬೇಡದ ಕಲ್ಲನ್ನು ಹಿಂದಕ್ಕೆ, ಆಗಲೇ ಬರಿದಾದ ನೆಲದ ಮೇಲೆ ಒಟ್ಟುತ್ತಿದ್ದರು. ಆದ್ದರಿಂದ ಒಂದೊಂದು ದಿಬ್ಬವೂ ಅಗೆತದ ಅಂಚು ಒಂದು ಕಾಲಕ್ಕೆ ಎಲ್ಲಿತ್ತೆಂದು ಹೇಳುವ ಗೆರೆ. ಪುರಾತತ್ತ್ವದವರು ಆ ಗೆರೆಗಳನ್ನು ಅಳೆದು ನಕ್ಷೆ ಬರೆದು, ಕೆಲಸ ಯಾವ ದಿಕ್ಕಿಗೆ ಸಾಗಿತು, ಎಲ್ಲಿ ನಿಂತಿತು, ಯಾವ ದಿಬ್ಬ ಮೊದಲಿನದು ಎಂದು ಓದುತ್ತಾರೆ. ಗುಡ್ಡದ ಮಗ್ಗುಲಲ್ಲಿ ಸಣ್ಣ ಇಳಿಜಾರಿನಲ್ಲಿ ಹರಿದುಬಂದ ಕಾಲುವೆಯ ಗುರುತು, ಅದರ ತುದಿಯಲ್ಲಿ ನೀರು ಹಿಡಿದಿಡುತ್ತಿದ್ದ ಕುಂಟೆಯ ಏರಿ ಇವೆಲ್ಲ ಇಂದಿಗೂ ಕಾಣುತ್ತವೆ. ಕಂಚಿನ ಯುಗದ ಕಲ್ಲುಗೋಡೆಯೊಂದನ್ನು ತವರದ ಗುಂಡಿ ಕತ್ತರಿಸಿಕೊಂಡು ಹೋಗಿದ್ದರೆ ಗುಂಡಿ ಗೋಡೆಗಿಂತ ಈಚಿನದು. ಇಷ್ಟು ಸರಳವಾದ ತರ್ಕದಿಂದಲೇ ಕಾಗದಪತ್ರವಿಲ್ಲದ ಶತಮಾನಗಳ ಕಾಲಕ್ರಮ ಕಟ್ಟುತ್ತಾರೆ. ಕಾಲದ ಪಾಠವನ್ನು ಕರಿಹಲಗೆಯ ಮೇಲೆ ಮೂವತ್ತು ವರ್ಷ ಮಾಡಿದ ನನಗೆ, ಅದನ್ನು ನೆಲದ ಮೇಲೆಯೇ ಬರೆದಿಟ್ಟಂತೆ ಕಂಡಿತು.

ಮೆರಿವೇಲ್ ಎಂಬಲ್ಲಿ ವಾಕಮ್ ಹೊಳೆಯ ಪಕ್ಕ ತವರ ಕರಗಿಸುತ್ತಿದ್ದ ಮನೆಗಳ ಪಾಳುಗೋಡೆಗಳಿವೆ. ನೀರಿನ ಚಕ್ರ ತಿದಿಯನ್ನು ಒತ್ತುತ್ತಿತ್ತು. ಜೌಗಿನ ಹುದುಲುಮಣ್ಣನ್ನು ಸುಟ್ಟು ಮಾಡಿದ ಇದ್ದಿಲು ಕುಲುಮೆಗೆ ಉರುವಲು. ಕರಗಿದ ತವರವನ್ನು ಕಲ್ಲಿನಲ್ಲಿ ಕೊರೆದ ತೊಟ್ಟಿಯೊಳಗೆ ಹೊಯ್ದು ಗಟ್ಟಿ ಮಾಡುತ್ತಿದ್ದರು. ಆ ಅಚ್ಚುಕಲ್ಲುಗಳು ಮೂರಿನಲ್ಲಿ ಈಗಲೂ ಬಿದ್ದಿವೆ. ಅದಿರು ಕುಟ್ಟಿದ ಕಲ್ಲುಗಳಲ್ಲಿ ನಮ್ಮ ಒರಳಿನಂತೆ ಜೋಡಿಗುಳಿ. ಒಂದು ಮಗ್ಗುಲು ಸವೆದರೆ ಕಲ್ಲನ್ನು ಹೊರಳಿಸಿ ಇನ್ನೊಂದು ಮಗ್ಗುಲನ್ನು ಬಳಸಿದ್ದಾರೆ. ಬಡವರ ಜಾಣತನ ಎಲ್ಲ ದೇಶದಲ್ಲಿಯೂ ಒಂದೇ! 1991ರಲ್ಲಿ ಹುಟ್ಟಿದ ಡಾರ್ಟ್‌ಮೂರ್ ತವರಗಣಿ ಸಂಶೋಧನ ಬಳಗವು ಮೇಲಿನ ಮೆರಿವೇಲಿನ ಇಂತಹ ಒಂದು ಮನೆಯನ್ನು ಹಲವು ಬೇಸಿಗೆ ಅಗೆದು ನೋಡಿತು. ಅದಕ್ಕೂ ಮೊದಲೇ, 1950ರಲ್ಲಿ ತೀರಿಕೊಂಡ ಹ್ಯಾನ್ಸ್‌ಫರ್ಡ್ ವರ್ತ್ ಎಂಬ ಎಂಜಿನಿಯರು ಆಯುಷ್ಯದ ಬಹುಭಾಗ ಮೂರಿನಲ್ಲಿ ನಡೆದು, ಈ ಪಾಳುಮನೆಗಳನ್ನು ಒಂದೊಂದಾಗಿ ಅಳೆದು ಬರೆದಿಟ್ಟಿದ್ದರು.

ಬರೆಹದಲ್ಲಿ ಸಿಕ್ಕುವುದು ದೊರೆಗಳ ಮಾತು. 1201ರಲ್ಲಿ ಜಾನ್ ದೊರೆ ತವರದವರಿಗೆ ಸನದು ಕೊಟ್ಟು, ತವರ ಅಗೆಯುವ, ಉರುವಲು ಕಡಿಯುವ, ಹೊಳೆಯನ್ನು ತಿರುಗಿಸುವ ಹಕ್ಕನ್ನು ಮಾನ್ಯಮಾಡಿದ. 1305ರಲ್ಲಿ ಡೆವನ್ನಿಗೆ ಪ್ರತ್ಯೇಕ ಸನದು ಬಂತು. ತವರದವರಿಗೆ ತಮ್ಮದೇ ನ್ಯಾಯಾಲಯ, ಲಿಡ್‌ಫರ್ಡ್‌ನಲ್ಲಿ ತಮ್ಮದೇ ಸೆರೆಮನೆ, ಕ್ರಾಕರ್ನ್ ಟಾರ್ ಎಂಬ ಬಂಡೆಗುಡ್ಡೆಯ ಮೇಲೆ ಬಯಲಿನಲ್ಲಿ ಕೂಡುವ ತಮ್ಮದೇ ಸಭೆ. ಗಟ್ಟಿಯ ಮೂಲೆಯನ್ನು ಕತ್ತರಿಸಿ ಪರೀಕ್ಷಿಸಿ, ಮುದ್ರೆಯೊತ್ತಿ, ದೊರೆ ಸುಂಕ ಪಡೆಯುತ್ತಿದ್ದ. ಸುಂಕ ಬರುವವರೆಗೆ ಹೊಳೆಯ ಗತಿ ಏನಾದರೇನು?

ಹೊಳೆಯ ಗತಿ ಕೆಟ್ಟಿತು. ಸಾವಿರಾರು ಜನ ತೊಳೆದ ಮರಳೆಲ್ಲ ಕೆಳಗೆ ಹರಿದು ಬಂದರುಗಳನ್ನು ತುಂಬಿತು. ಪ್ಲಿಂಪ್ಟನ್ನಿನ ಸದಸ್ಯ ರಿಚರ್ಡ್ ಸ್ಟ್ರೋಡ್ ತಾನೇ ತವರದ ಉದ್ಯಮಿಯಾಗಿದ್ದರೂ 1512ರ ಸುಮಾರಿಗೆ ಇದನ್ನು ತಡೆಯುವ ಮಸೂದೆ ತರಲು ಹೊರಟ. ತವರದ ನ್ಯಾಯಾಲಯಗಳು ನಾಲ್ಕು ಕಡೆ ಒಂದೊಂದರಲ್ಲೂ 40 ಪೌಂಡಿನಂತೆ ಅವನಿಗೆ ದಂಡ ಹಾಕಿ, ಲಿಡ್‌ಫರ್ಡಿನ ಕತ್ತಲ ಸೆರೆಗೆ ತಳ್ಳಿದವು. ಪಾರ್ಲಿಮೆಂಟು ಸುಮ್ಮನಿರಲಿಲ್ಲ. ಸಭೆಯ ಕಾರ್ಯಕ್ಕಾಗಿ ಆಡಿದ ಮಾತಿಗೆ ಸದಸ್ಯನನ್ನು ಹೊರಗಿನ ನ್ಯಾಯಾಲಯ ದಂಡಿಸಲಾಗದೆಂದು ಅದೇ ವರ್ಷ ಕಾಯಿದೆ ಮಾಡಿತು. ನಮ್ಮ ಸಂವಿಧಾನದ 105ನೆಯ ವಿಧಿ ಸಂಸದರಿಗೆ ಕೊಟ್ಟಿರುವ ವಾಕ್‌ಸ್ವಾತಂತ್ರ್ಯದ ಬೇರುಗಳಲ್ಲಿ ಒಂದು ಈ ಹೂಳಿನಲ್ಲಿದೆ. ಬಂದರುಗಳ ರಕ್ಷಣೆಗೆ ಕಾಯಿದೆ 1531ರಲ್ಲಿ ಬಂತು.

ಮೇಲುಪದರದ ಅದಿರು ಮುಗಿದ ಮೇಲೆ ಗಣಿ ನೆಲದೊಳಕ್ಕೆ ಇಳಿಯಿತು. ಮೂರಿನ ಗೋಲ್ಡನ್ ಡ್ಯಾಗರ್ ಗಣಿ 1930ರವರೆಗೂ ಉಸಿರಾಡಿತು. ಆ ಕಥೆಯಲ್ಲಿ ನಮಗೆ ಹತ್ತಿರದ ಹೆಸರೊಂದಿದೆ. ಮೂರಿನ ಪಶ್ಚಿಮದ ಅಂಚಿನಲ್ಲಿ ವೀಲ್ ಫ್ರೆಂಡ್‌ಶಿಪ್ ಎಂಬ ತಾಮ್ರದ ಗಣಿಗೆ 1798ರಲ್ಲಿ, ಇನ್ನೂ ಇಪ್ಪತ್ತು ತುಂಬದ ಜಾನ್ ಟೇಲರ್ ಎಂಬ ಹುಡುಗ ಮೇಲ್ವಿಚಾರಕನಾದ. ಟ್ಯಾವಿಸ್ಟಾಕಿನಿಂದ ನದಿಗೆ, ಗುಡ್ಡವನ್ನು ಕೊರೆದು, ಕಾಲುವೆ ತೆಗೆದವನೂ ಅವನೇ; ಅದು 1817ರಲ್ಲಿ ತೆರೆಯಿತು. ಅವನು ಹುಟ್ಟುಹಾಕಿದ ಮನೆತನದ ಸಂಸ್ಥೆಯೇ ಜಾನ್ ಟೇಲರ್ ಅಂಡ್ ಸನ್ಸ್. ಕೋಲಾರದ ಚಿನ್ನದ ಗಣಿಗಳನ್ನು 1880ರ ದಶಕದಿಂದ ನಡೆಸಿದ ಆ ಹೆಸರನ್ನು ನಮ್ಮಲ್ಲಿ ಕೇಳದವರಾರು? ಮೂರಿನ ಆಚೆಯ ಕಾರ್ನ್‌ವಾಲಿನ ಗಣಿಗಾರರು ತಮ್ಮ ಗಣಿಗಳು ಸೊರಗಿದಾಗ ಕೋಲಾರಕ್ಕೆ ಬಂದು ಮೇಲ್ವಿಚಾರಣೆ ವಹಿಸಿದರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆ ಒಡೆದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಯ ನಮ್ಮ ನೆರೆಹೊರೆಯವರು.

ಕೋಲಾರದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡಗಳು, ಜನ ಸಯನೈಡ್ ಗುಡ್ಡವೆಂದು ಕರೆಯುವವು, ಇನ್ನೂ ನಿಂತಿವೆ. ಅವುಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಪ್ರಸ್ತಾಪ ಸರಕಾರದ ಮುಂದಿದೆ. ಗಾಳಿ ಬೀಸಿದಾಗ ಆ ದೂಳು ಕುಡಿದು ಬದುಕುವವರಿಗೆ ‘ಅದು ಇತಿಹಾಸ, ಮುಟ್ಟಬೇಡಿ’ ಎನ್ನುವ ಅಧಿಕಾರ ನನಗಿಲ್ಲ. ಡಾರ್ಟ್‌ಮೂರಿನ ದಿಬ್ಬಗಳ ಮೇಲೆ ಹುಲ್ಲು ಬೆಳೆದಿದೆ, ಇವುಗಳ ಮೇಲೆ ಬೆಳೆಯದು. ಆದರೆ ತೆಗೆಯುವ ಮುನ್ನ ಅಳೆದು, ಚಿತ್ರ ಬರೆದು, ಯಾವ ಗುಡ್ಡ ಯಾವ ಗಣಿಯದು, ಯಾವ ಕಾಲದ್ದು ಎಂದು ದಾಖಲಿಸಬಾರದೆ? ಸಾವಿರಾರು ಜನರ ಇಡೀ ಬದುಕಿನ ದುಡಿಮೆ ಅಲ್ಲಿ ರಾಶಿಬಿದ್ದಿದೆ. ಅವರ ಹೆಸರುಗಳು ಹಾಜರಿಪುಸ್ತಕಗಳಲ್ಲಿ ಎಷ್ಟು ಉಳಿದಾವು?

ನಮ್ಮ ಸಂಘದಲ್ಲಿ ಗಣಿಯ ಲೈನುಮನೆಗಳಲ್ಲಿ ಹುಟ್ಟಿ ಬೆಳೆದವರು ಮೂರು ಮನೆಯವರಿದ್ದಾರೆ. ಅವರಲ್ಲಿ ಹಿರಿಯರೊಬ್ಬರು ಪ್ರತಿ ಗುಡ್ಡಕ್ಕೂ ಮಕ್ಕಳು ಇಟ್ಟಿದ್ದ ಹೆಸರನ್ನು ಬಾಯಲ್ಲೇ ಹೇಳುತ್ತಾರೆ. ಕಳೆದ ತಿಂಗಳು ಅವರ ಪಕ್ಕ ಕುಳಿತು ನೋಟ್‌ಬುಕ್ಕಿನ ಹನ್ನೊಂದು ಪುಟ ಬರೆದುಕೊಂಡಿದ್ದೇನೆ. ಸಮ್ಮೇಳನ ಮುಗಿದ ಮೇಲಿನ ಭಾನುವಾರ ಉಳಿದ ಇಬ್ಬರ ಮನೆಗೂ ಹೋಗುವುದಿದೆ. ನಮ್ಮ ನಿವೃತ್ತ ಸರ್ವೇಯರರು ಹಳೆಯ ನಕ್ಷೆಯ ಪ್ರತಿಯೊಂದನ್ನು ತರುವುದಾಗಿ ಹೇಳಿದ್ದಾರೆ.