ನೊಸ್ಫೆರಾಟು (2024ರ ಚಲನಚಿತ್ರ)

ನೊಸ್ಫೆರಾಟು 2024ರಲ್ಲಿ ತೆರೆಕಂಡ, ಇಂಗ್ಲಿಷ್ ಭಾಷೆಯ ಅಮೆರಿಕನ್ ಭಯಾನಕ ಚಲನಚಿತ್ರ. ಇದರ ಚಿತ್ರಕಥೆ ಮತ್ತು ನಿರ್ದೇಶನ ರಾಬರ್ಟ್ ಎಗರ್ಸ್ ಅವರದು. ಜರ್ಮನಿಯ ನಿರ್ದೇಶಕ ಎಫ್. ಡಬ್ಲ್ಯು. ಮುರ್ನೌ 1922ರಲ್ಲಿ ತಯಾರಿಸಿದ ಇದೇ ಹೆಸರಿನ ಮೂಕಿಚಿತ್ರದ ಮರುನಿರ್ಮಾಣ ಇದಾಗಿದೆ. ಓರ್ಲಾಕ್ ಎಂಬ ರಕ್ತಪಿಶಾಚಿ ಮತ್ತು ಅವನ ಗೀಳಿಗೆ ಗುರಿಯಾಗುವ ಎಲೆನ್ ಎಂಬ ಯುವತಿಯ ಸುತ್ತ ಕಥೆ ಸಾಗುತ್ತದೆ. ಬಿಲ್ ಸ್ಕಾರ್ಸ್‌ಗಾರ್ಡ್, ಲಿಲಿ-ರೋಸ್ ಡೆಪ್, ನಿಕೋಲಸ್ ಹೋಲ್ಟ್ ಮತ್ತು ವಿಲೆಮ್ ಡೆಫೊ ಪ್ರಮುಖ ಪಾತ್ರಗಳಲ್ಲಿ ನಟಿಸಿದ್ದಾರೆ.

ಮೂಲ ಚಿತ್ರ

1922ರ ಚಿತ್ರವು ಬ್ರ್ಯಾಮ್ ಸ್ಟೋಕರ್ ಅವರ 'ಡ್ರಾಕುಲಾ' (1897) ಕಾದಂಬರಿಯನ್ನು ಆಧರಿಸಿತ್ತು. ನಿರ್ಮಾಣ ಸಂಸ್ಥೆಯಾದ ಪ್ರಾನಾ ಫಿಲ್ಮ್ ಇದಕ್ಕೆ ಅನುಮತಿ ಪಡೆದಿರಲಿಲ್ಲ. ಪಾತ್ರಗಳ ಹೆಸರುಗಳನ್ನೂ ಕಥೆ ನಡೆಯುವ ಊರನ್ನೂ ಬದಲಿಸಲಾಗಿತ್ತು: ಡ್ರಾಕುಲಾ ಓರ್ಲಾಕ್ ಆದನು, ಇಂಗ್ಲೆಂಡಿನ ಬದಲು ಕಥೆ ಜರ್ಮನಿಯ ವಿಸ್ಬೋರ್ಗ್ ಎಂಬ ಕಲ್ಪಿತ ಪಟ್ಟಣಕ್ಕೆ ಬಂದಿತು. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಸ್ಟೋಕರ್ ಹಕ್ಕುಸ್ವಾಮ್ಯದ ಉಲ್ಲಂಘನೆಗಾಗಿ ಕಾನೂನು ಹೋರಾಟ ನಡೆಸಿದರು. ಸಂಸ್ಥೆ ದಿವಾಳಿಯಾಯಿತು. ಚಿತ್ರದ ಎಲ್ಲ ಪ್ರತಿಗಳನ್ನು ನಾಶಪಡಿಸಬೇಕೆಂದು 1925ರಲ್ಲಿ ಜರ್ಮನಿಯ ನ್ಯಾಯಾಲಯ ಆದೇಶಿಸಿತು. ಆದರೆ ವಿದೇಶಗಳಿಗೆ ತಲುಪಿದ್ದ ಪ್ರತಿಗಳಿಂದಾಗಿ ಚಿತ್ರ ಉಳಿದುಕೊಂಡಿತು ಮತ್ತು ಮುಂದೆ ಜರ್ಮನ್ ಅಭಿವ್ಯಕ್ತಿವಾದಿ ಸಿನಿಮಾದ ಮುಖ್ಯ ಕೃತಿಗಳಲ್ಲಿ ಒಂದೆಂದು ಮಾನ್ಯತೆ ಪಡೆಯಿತು.

ಸೂರ್ಯನ ಬೆಳಕಿಗೆ ರಕ್ತಪಿಶಾಚಿ ಸಾಯುತ್ತದೆ ಎಂಬ, ಇಂದು ಎಲ್ಲರಿಗೂ ಪರಿಚಿತವಾದ ಕಲ್ಪನೆ ಜನಪ್ರಿಯವಾಗಲು ಈ ಮೂಕಿಚಿತ್ರವೇ ಕಾರಣ. ಸ್ಟೋಕರ್ ಅವರ ಕಾದಂಬರಿಯಲ್ಲಿ ಡ್ರಾಕುಲಾ ಹಗಲಿನಲ್ಲಿಯೂ ಸಂಚರಿಸಬಲ್ಲನು; ಆಗ ಅವನ ಶಕ್ತಿ ಕುಂದುತ್ತದೆ ಅಷ್ಟೆ.

1979ರ ಆವೃತ್ತಿ

ಜರ್ಮನಿಯ ನಿರ್ದೇಶಕ ವರ್ನರ್ ಹೆರ್ಜೋಗ್ 1979ರಲ್ಲಿ ಈ ಕಥೆಯನ್ನು ಮೊದಲ ಬಾರಿಗೆ ಪ್ರಮುಖವಾಗಿ ಮರುನಿರ್ಮಿಸಿದರು. ಕ್ಲಾಸ್ ಕಿನ್ಸ್ಕಿ, ಇಸಬೆಲ್ ಅಜಾನಿ ಮತ್ತು ಬ್ರೂನೋ ಗ್ಯಾಂಜ್ ಇದರಲ್ಲಿ ನಟಿಸಿದ್ದರು. ಆ ವೇಳೆಗೆ ಕಾದಂಬರಿಯ ಹಕ್ಕುಸ್ವಾಮ್ಯದ ಅವಧಿ ಮುಗಿದಿದ್ದುದರಿಂದ ರಕ್ತಪಿಶಾಚಿಗೆ ಮತ್ತೆ ಡ್ರಾಕುಲಾ ಎಂಬ ಹೆಸರನ್ನೇ ಇಡಲಾಯಿತು. ಹೆರ್ಜೋಗ್ ಅವರ ಡ್ರಾಕುಲಾ ಸಾವಿಲ್ಲದ ಬದುಕಿನಿಂದ ಬಳಲಿದ ಒಂಟಿ ಜೀವಿ. ನಾಯಕಿಯ ತ್ಯಾಗದ ನಂತರವೂ ಪಿಡುಗು ಮುಗಿಯುವುದಿಲ್ಲ. ಅವಳ ಗಂಡನೇ ಹೊಸ ರಕ್ತಪಿಶಾಚಿಯಾಗಿ ಹೊರಡುತ್ತಾನೆ.

ಕಥಾವಸ್ತು (2024)

ಕಥೆ 1838ರಲ್ಲಿ ವಿಸ್ಬೋರ್ಗ್‌ನಲ್ಲಿ ನಡೆಯುತ್ತದೆ. ಅದಕ್ಕೂ ಕೆಲವು ವರ್ಷಗಳ ಹಿಂದೆ, ಒಂಟಿತನದಿಂದ ನೊಂದ ಬಾಲಕಿ ಎಲೆನ್ ತನಗೊಬ್ಬ ಜೊತೆಗಾರ ಬೇಕೆಂದು ಪ್ರಾರ್ಥಿಸುತ್ತಾಳೆ. ಆ ಕರೆಗೆ ಓಗೊಡುವವನು ಓರ್ಲಾಕ್. ಮುಂದೆ ಅವಳು ಥಾಮಸ್ ಹಟರ್‌ನನ್ನು ಮದುವೆಯಾಗುತ್ತಾಳೆ. ಮನೆ ಮಾರಾಟದ ಪತ್ರಗಳೊಂದಿಗೆ ಥಾಮಸ್‌ನನ್ನು ಅವನ ಮಾಲೀಕ ನಾಕ್ ಟ್ರಾನ್ಸಿಲ್ವೇನಿಯಾಕ್ಕೆ ಕಳುಹಿಸುತ್ತಾನೆ. ಅಲ್ಲಿ ಓರ್ಲಾಕ್ ಥಾಮಸ್‌ಗೆ ಅರ್ಥವಾಗದ ಭಾಷೆಯಲ್ಲಿರುವ ಪತ್ರಕ್ಕೆ ಅವನಿಂದ ಸಹಿ ಹಾಕಿಸಿಕೊಂಡು, ಅವನ ರಕ್ತ ಹೀರಿ, ಹಡಗಿನಲ್ಲಿ ವಿಸ್ಬೋರ್ಗ್‌ಗೆ ಬರುತ್ತಾನೆ. ಹಡಗಿನ ಇಲಿಗಳೊಂದಿಗೆ ಪ್ಲೇಗ್ ಪಟ್ಟಣವನ್ನು ಪ್ರವೇಶಿಸುತ್ತದೆ. ಎಲೆನ್ ತಾನಾಗಿ ಒಪ್ಪಬೇಕೆಂದು ಓರ್ಲಾಕ್ ಮೂರು ರಾತ್ರಿಗಳ ಗಡುವು ವಿಧಿಸುತ್ತಾನೆ. ಎಲೆನ್ ಕೊನೆಗೆ ಅವನನ್ನು ಬರಮಾಡಿಕೊಂಡು ಬೆಳಗಿನವರೆಗೆ ತಡೆದು ನಿಲ್ಲಿಸುತ್ತಾಳೆ. ಸೂರ್ಯೋದಯಕ್ಕೆ ಓರ್ಲಾಕ್ ನಾಶವಾಗುತ್ತಾನೆ, ಅವಳೂ ಸಾಯುತ್ತಾಳೆ.

ಪಾತ್ರವರ್ಗ

- ಬಿಲ್ ಸ್ಕಾರ್ಸ್‌ಗಾರ್ಡ್: ಕೌಂಟ್ ಓರ್ಲಾಕ್
- ಲಿಲಿ-ರೋಸ್ ಡೆಪ್: ಎಲೆನ್ ಹಟರ್
- ನಿಕೋಲಸ್ ಹೋಲ್ಟ್: ಥಾಮಸ್ ಹಟರ್
- ಏರನ್ ಟೇಲರ್-ಜಾನ್ಸನ್: ಫ್ರೀಡ್ರಿಕ್ ಹಾರ್ಡಿಂಗ್
- ಎಮಾ ಕೊರಿನ್: ಅನಾ ಹಾರ್ಡಿಂಗ್
- ರಾಲ್ಫ್ ಐನೆಸನ್: ಡಾ. ಸೀವರ್ಸ್
- ಸೈಮನ್ ಮೆಕ್‌ಬರ್ನಿ: ನಾಕ್
- ವಿಲೆಮ್ ಡೆಫೊ: ಪ್ರೊ. ಫಾನ್ ಫ್ರಾಂಟ್ಸ್

ಡೆಫೊ ಅವರಿಗೆ ಈ ಕಥೆಯೊಂದಿಗೆ ಹಳೆಯ ನಂಟಿದೆ. 1922ರ ಚಿತ್ರದ ತಯಾರಿಕೆಯನ್ನೇ ಕಲ್ಪಿತ ಕಥೆಯಾಗಿಸಿದ 'ಶ್ಯಾಡೋ ಆಫ್ ದಿ ವ್ಯಾಂಪೈರ್' (2000) ಚಿತ್ರದಲ್ಲಿ ಅವರು ಮೂಲ ಓರ್ಲಾಕ್ ಪಾತ್ರಧಾರಿ ಮ್ಯಾಕ್ಸ್ ಶ್ರೆಕ್ ಆಗಿ ನಟಿಸಿ ಆಸ್ಕರ್ ನಾಮನಿರ್ದೇಶನ ಪಡೆದಿದ್ದರು.

ನಿರ್ಮಾಣ

ಎಗರ್ಸ್ ಪ್ರೌಢಶಾಲೆಯ ದಿನಗಳಲ್ಲಿಯೇ ನೊಸ್ಫೆರಾಟುವನ್ನು ನಾಟಕವಾಗಿ ರಂಗಕ್ಕೆ ತಂದಿದ್ದರು. ಚಿತ್ರದ ಯೋಜನೆ 2015ರಲ್ಲಿಯೇ ಪ್ರಕಟವಾಗಿತ್ತು; ಆದರೆ ಅವರು ಅದಕ್ಕೂ ಮೊದಲು 'ದಿ ಲೈಟ್‌ಹೌಸ್' (2019) ಮತ್ತು 'ದಿ ನಾರ್ತ್‌ಮನ್' (2022) ಚಿತ್ರಗಳನ್ನು ಮುಗಿಸಿದರು. ಚಿತ್ರೀಕರಣ 2023ರಲ್ಲಿ ಮುಖ್ಯವಾಗಿ ಚೆಕ್ ಗಣರಾಜ್ಯದಲ್ಲಿ, 35 ಮಿ.ಮೀ. ಫಿಲ್ಮಿನಲ್ಲಿ ನಡೆಯಿತು. ಜಾರಿನ್ ಬ್ಲಾಷ್ಕ ಛಾಯಾಗ್ರಹಣ, ಲೂಯಿಸ್ ಫೋರ್ಡ್ ಸಂಕಲನ ಮತ್ತು ರಾಬಿನ್ ಕ್ಯಾರೋಲನ್ ಸಂಗೀತದ ಹೊಣೆ ಹೊತ್ತರು. ಚಂದ್ರನ ಬೆಳಕಿನ ದೃಶ್ಯಗಳು ಬಹುತೇಕ ವರ್ಣರಹಿತವಾಗಿದ್ದು ಕಪ್ಪು-ಬಿಳುಪಿನ ಚಿತ್ರವನ್ನು ನೆನಪಿಸುತ್ತವೆ. ಇಲಿಗಳ ದೃಶ್ಯಗಳಿಗೆ ಸಾವಿರಾರು ಜೀವಂತ ಇಲಿಗಳನ್ನು ಬಳಸಲಾಯಿತು. ಓರ್ಲಾಕ್‌ನ ಗಡಸು, ಆಳವಾದ ಧ್ವನಿಗಾಗಿ ಸ್ಕಾರ್ಸ್‌ಗಾರ್ಡ್ ಆಪೆರಾ ಗಾಯಕಿಯೊಬ್ಬರಿಂದ ತರಬೇತಿ ಪಡೆದರು.

ಮೂಲದಿಂದ ವ್ಯತ್ಯಾಸಗಳು

ಮಾಕ್ಸ್ ಶ್ರೆಕ್ ಅವರ ಬೋಳುತಲೆ, ಮೊನಚು ಕಿವಿ, ಇಲಿಯಂತಹ ಮುಂಬಲ್ಲುಗಳ ಓರ್ಲಾಕ್ ಒಂದು ಶತಮಾನದ ಅವಧಿಯಲ್ಲಿ ಎಷ್ಟು ಪರಿಚಿತನಾಗಿದ್ದನೆಂದರೆ, ಅದೇ ರೂಪ ಪ್ರೇಕ್ಷಕರಲ್ಲಿ ಮೊದಲಿನ ಭಯವನ್ನು ಹುಟ್ಟಿಸುವುದು ಕಷ್ಟವಾಗಿತ್ತು. ಮರುನಿರ್ಮಾಣವು ಆ ರೂಪವನ್ನು ಕೈಬಿಟ್ಟು, ರಕ್ತಪಿಶಾಚಿಯ ಜಾನಪದ ಮೂಲಕ್ಕೆ ಮರಳಿತು. ಹೊಸ ಓರ್ಲಾಕ್ ಕೊಳೆಯುತ್ತಿರುವ ಶವ. ದಪ್ಪ ಮೀಸೆ, ತುಪ್ಪಳದ ಉಡುಪು ಧರಿಸಿದ ಪೂರ್ವ ಯೂರೋಪಿನ ಶ್ರೀಮಂತ. ಅವನು ಕತ್ತನ್ನು ಕಚ್ಚದೆ ಎದೆಯಿಂದ ರಕ್ತ ಹೀರುತ್ತಾನೆ. ಚಿತ್ರದ ಬಹುಭಾಗದಲ್ಲಿ ಅವನ ಮುಖ ನೆರಳಿನಲ್ಲಿಯೇ ಇರುತ್ತದೆ. ಮೂಲದಲ್ಲಿ ಮೆಟ್ಟಿಲ ಗೋಡೆಯ ಮೇಲೆ ಏರುವ ಪ್ರಸಿದ್ಧ ನೆರಳು ಇಲ್ಲಿ ಇಡೀ ಪಟ್ಟಣದ ಮೇಲೆ ಚಾಚುವ ಕೈಯ ನೆರಳಾಗಿಯೂ ಬೆಳೆದಿದೆ.

ದೊಡ್ಡ ಬದಲಾವಣೆ ಎಲೆನ್ ಪಾತ್ರದಲ್ಲಿದೆ. 1922ರಲ್ಲಿ ಅವಳು ಪುಸ್ತಕವೊಂದರಿಂದ ಉಪಾಯವನ್ನು ತಿಳಿದು ಪ್ರಾಣ ನೀಡುವ ನಿಷ್ಕಳಂಕ ಪತ್ನಿ. 2024ರಲ್ಲಿ ಕಥೆಯ ಕೇಂದ್ರವೇ ಅವಳು. ಅವಳ ಮೂರ್ಛೆ ಮತ್ತು ಭಯಗಳನ್ನು ವೈದ್ಯರು ಕಾಯಿಲೆಯೆಂದು ಪರಿಗಣಿಸಿ ಔಷಧ ಕೊಡುತ್ತಾರೆ, ಕಟ್ಟಿಹಾಕುತ್ತಾರೆ. ಆಶ್ರಯ ನೀಡಿದ ಹಾರ್ಡಿಂಗ್ ಅವಳ ಮಾತನ್ನು ನಂಬದೆ ತನ್ನ ಕುಟುಂಬವನ್ನೇ ಕಳೆದುಕೊಳ್ಳುತ್ತಾನೆ. ಬಾಲ್ಯದ ಒಂಟಿತನವನ್ನು ಬಳಸಿಕೊಂಡು ಪಡೆದ ಮಾತು ನಿಜವಾದ ಒಪ್ಪಿಗೆಯೇ ಎಂಬ ಪ್ರಶ್ನೆಯನ್ನು ಚಿತ್ರ ಎತ್ತುತ್ತದೆ. ಹೀಗಾಗಿ ಅಂತ್ಯ ಮೂಲದಂತೆಯೇ ಇದ್ದರೂ ಅದರ ಅರ್ಥ ಬದಲಾಗಿದೆ: ಎಲೆನ್ ಪಟ್ಟಣವನ್ನು ಉಳಿಸುವುದರೊಂದಿಗೆ ತನ್ನ ಬದುಕನ್ನು ಆವರಿಸಿದ್ದ ನೆರಳನ್ನೂ ತಾನೇ ಕೊನೆಗಾಣಿಸುತ್ತಾಳೆ.

ಬಿಡುಗಡೆ ಮತ್ತು ಮನ್ನಣೆ

ಚಿತ್ರದ ಮೊದಲ ಪ್ರದರ್ಶನ 2024ರ ಡಿಸೆಂಬರ್ 2ರಂದು ಬರ್ಲಿನ್‌ನಲ್ಲಿ ನಡೆಯಿತು. 1922ರ ಚಿತ್ರವೂ ಜರ್ಮನಿಯಲ್ಲಿ ಮೊದಲು ಪ್ರದರ್ಶನಗೊಂಡದ್ದು ಅದೇ ನಗರದಲ್ಲಿ. ಅಮೆರಿಕದಲ್ಲಿ ಫೋಕಸ್ ಫೀಚರ್ಸ್ ಸಂಸ್ಥೆ ಡಿಸೆಂಬರ್ 25ರಂದು ಬಿಡುಗಡೆ ಮಾಡಿತು. ಸುಮಾರು 5 ಕೋಟಿ ಡಾಲರ್ ವೆಚ್ಚದ ಚಿತ್ರ ವಿಶ್ವಾದ್ಯಂತ ಸುಮಾರು 18 ಕೋಟಿ ಡಾಲರ್ ಗಳಿಸಿತು. 97ನೆಯ ಆಸ್ಕರ್ ಪ್ರಶಸ್ತಿಗಳಲ್ಲಿ ಛಾಯಾಗ್ರಹಣ, ವಸ್ತ್ರವಿನ್ಯಾಸ, ಕಲಾ ನಿರ್ದೇಶನ ಹಾಗೂ ಪ್ರಸಾಧನ ವಿಭಾಗಗಳಲ್ಲಿ ನಾಲ್ಕು ನಾಮನಿರ್ದೇಶನಗಳನ್ನು ಪಡೆಯಿತು.