ಹಿತ್ತಿಲಲ್ಲಿ ಹುಟ್ಟಿದ ಕಾರು

ಎತ್ತಿನ ಗಾಡಿಯನ್ನು ಊರ ಬಡಗಿ ಕಟ್ಟುತ್ತಾನೆ. ಕಮ್ಮಾರ ಅದರ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಾನೆ. ಕಟ್ಟಿಸುವವನು ಪಕ್ಕದಲ್ಲೇ ನಿಂತು, ಅಚ್ಚು ಇಷ್ಟು ದಪ್ಪವಿರಲಿ, ಮೂಕಿ ಇಷ್ಟು ಉದ್ದವಿರಲಿ ಎಂದು ಹೇಳಬಲ್ಲನು. ಮೋಟಾರು ಕಾರಿನ ವಿಷಯದಲ್ಲಿ ಈ ಸಲಿಗೆ ನಮಗಿಲ್ಲ. ಅದು ಕಾರ್ಖಾನೆಯಿಂದ ಇಡಿಯಾಗಿ ಬರುತ್ತದೆ. ನಾವು ಹಣ ತೆತ್ತು ಕೀಲಿಕೈ ಪಡೆಯುತ್ತೇವೆ. ಇಂಗ್ಲೆಂಡಿನಲ್ಲಿ ಮಾತ್ರ ಇದಕ್ಕೆ ಒಪ್ಪದ ಜನರ ಒಂದು ಪರಂಪರೆಯೇ ಉಂಟು. ಹಳೆಯ ಕಾರೊಂದನ್ನು ಅಗ್ಗದಲ್ಲಿ ಕೊಂಡು, ಅದನ್ನು ಬಿಚ್ಚಿ, ಎಂಜಿನ್, ಗೇರ್‌ಬಾಕ್ಸ್, ಅಚ್ಚು, ಬ್ರೇಕು, ಸ್ಟಿಯರಿಂಗುಗಳನ್ನು ಹೊರತೆಗೆದು, ಅವನ್ನು ಹೊಸದೊಂದು ಹಂದರಕ್ಕೆ ಜೋಡಿಸಿ, ತಮ್ಮ ಮನೆಯ ಶೆಡ್ಡಿನಿಂದಲೇ ರಸ್ತೆಗೆ ಇಳಿಸುವವರು ಇವರು. ಇಂಥ ಕಾರಿಗೆ ಕಿಟ್ ಕಾರು ಎಂದು ಹೆಸರು. ಅಂಗಾಂಗಗಳನ್ನು ಕೊಟ್ಟು ತಾನು ಗುಜರಿ ಸೇರುವ ಹಳೆಯ ಕಾರನ್ನು ಅವರು ‘ಡೋನರ್’, ಅಂದರೆ ದಾನಿ ಎನ್ನುತ್ತಾರೆ. ವಜ್ರಾಯುಧಕ್ಕಾಗಿ ಬೆನ್ನೆಲುಬನ್ನೇ ಕೊಟ್ಟ ದಧೀಚಿಯ ಕಥೆ ಬಲ್ಲ ನಮಗೆ ಈ ಹೆಸರು ವಿಚಿತ್ರವೆನಿಸಬೇಕಾಗಿಲ್ಲ. ದೇವತೆಗಳು ದಧೀಚಿಯನ್ನು ಕೇಳಿ ಪಡೆದರು, ಈ ದಾನಿಯನ್ನು ಯಾರೂ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಈ ದಾನಿಗಳ ವಂಶಾವಳಿಯಲ್ಲಿ ಮೂಲಪುರುಷನ ಸ್ಥಾನ ಸಲ್ಲಬೇಕಾದದ್ದು ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿಗೆ. 1922ರಲ್ಲಿ ಅದು ಹೊರಬಂದಿತು. ಹರ್ಬರ್ಟ್ ಆಸ್ಟಿನ್ ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ, ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ಕೂರಿಸಿಕೊಂಡು ಅದರ ನಕ್ಷೆ ಬರೆಸಿದ. 1939ರವರೆಗೆ ಸುಮಾರು 2,90,000 ಕಾರುಗಳು ತಯಾರಾದವು. ಹಗುರವಾದ ಹಂದರ, ಅದರ ಮೇಲೆ ಬೋಲ್ಟಿನಿಂದ ಬಿಗಿದ ಮೈ. ಬೋಲ್ಟು ಬಿಚ್ಚಿದರೆ ಮೈ ಬೇರೆ, ಹಂದರ ಬೇರೆ. ಯುದ್ಧ ಮುಗಿಯುವ ವೇಳೆಗೆ ಇವು ಸವೆದು ಸಣ್ಣ ಬೆಲೆಗೆ ಸಿಗುವಂತಾಗಿದ್ದವು. ಹೊಸ ಕಾರುಗಳ ಬಹುಪಾಲು ಡಾಲರು ಗಳಿಸಲು ವಿದೇಶಕ್ಕೆ ಹೋಗುತ್ತಿದ್ದವು. ಸ್ವದೇಶದ ಗಿರಾಕಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಪೆಟ್ರೋಲಿಗೆ 1950ರವರೆಗೂ ರೇಷನ್ ಇತ್ತು. ಕೈಯಲ್ಲಿ ಹಣವಿಲ್ಲದ, ಆದರೆ ಯುದ್ಧಕಾಲದಲ್ಲಿ ಯಂತ್ರಗಳ ಸಹವಾಸ ಮಾಡಿದ್ದ ತರುಣರಿಗೆ ಹಳೆಯ ಆಸ್ಟಿನ್ ಸೆವೆನ್ ಕಲ್ಪವೃಕ್ಷವಾಯಿತು. 1939ರಲ್ಲಿ ಸ್ಥಾಪನೆಯಾಗಿದ್ದ 750 ಮೋಟಾರ್ ಕ್ಲಬ್ಬು ಅವರಿಗೆ ಪಾಠಶಾಲೆ. ಅದನ್ನು ಮುಂದೆ ನಡೆಸಿದವರಲ್ಲಿ ಪ್ರಮುಖನಾದ ಹಾಲೆಂಡ್ ಬರ್ಕೆಟ್ ಎಂಜಿನಿಯರನಲ್ಲ, ಪಶುವೈದ್ಯ.

ಕಾಲಿನ್ ಚಾಪ್ಮನ್ ಬಂದದ್ದು ಇದೇ ಹಿನ್ನೆಲೆಯಿಂದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಲೇ ಹಳೆಯ ಕಾರುಗಳ ವ್ಯಾಪಾರಕ್ಕೆ ಕೈಹಾಕಿದ್ದ. 1947ರಲ್ಲಿ ಸಾಮಾನ್ಯ ಸವಾರರ ಪೆಟ್ರೋಲ್ ಪಡಿತರವನ್ನು ಸರ್ಕಾರ ರದ್ದುಮಾಡಿದಾಗ ವ್ಯಾಪಾರ ಮುಳುಗಿತು. ಮಾರಾಟವಾಗದೆ ಉಳಿದದ್ದು ಒಂದು ಹಳೆಯ ಆಸ್ಟಿನ್ ಸೆವೆನ್. ಉತ್ತರ ಲಂಡನ್ನಿನಲ್ಲಿ, ತಾನು ಮೆಚ್ಚಿದ ಹೇಜಲ್ ವಿಲಿಯಮ್ಸ್ ಎಂಬ ಹುಡುಗಿಯ ತಂದೆತಾಯಿಗಳ ಮನೆಯ ಹಿಂದಿದ್ದ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ, ಪ್ಲೈವುಡ್ಡಿಗೆ ಅಲ್ಯುಮಿನಿಯಂ ಹೊದಿಸಿದ ಹೊಸ ಮೈಯನ್ನು ಕಟ್ಟಿದ. ಮುಂದೆ ಲೋಟಸ್ ಮಾರ್ಕ್ ಒಂದು ಎಂದು ಹೆಸರಾದದ್ದು ಇದೇ. ಹೇಜಲ್ ಬರಿಯ ಪ್ರೇಕ್ಷಕಳಾಗಿರಲಿಲ್ಲ. ಜೊತೆಗೆ ನಿಂತು ಕೆಲಸಮಾಡಿದಳು. 1952ರಲ್ಲಿ ಕಂಪನಿ ಕಟ್ಟುವಾಗ ಬಂಡವಾಳವಾಗಿ ಒದಗಿದ ಇಪ್ಪತ್ತೈದು ಪೌಂಡುಗಳೂ ಆಕೆಯವೇ. ಚಾಪ್ಮನ್ನನ ಪ್ರತಿಭೆಯನ್ನು ಕೊಂಡಾಡಿ ಬೇಕಾದಷ್ಟು ಬರೆದಿದ್ದಾರೆ. ಹೇಜಲಳ ಗ್ಯಾರೇಜು ಮತ್ತು ಇಪ್ಪತ್ತೈದು ಪೌಂಡು ಆ ಬರಹಗಳಲ್ಲಿ ಒಂದು ಸಾಲಿನ ಚೋದ್ಯವಾಗಿ ಬಂದುಹೋಗುತ್ತವೆ. ನನಗೇನೋ ಆ ಸಾಲೇ ಇತಿಹಾಸವೆಂದು ತೋರುತ್ತದೆ.

ಹವ್ಯಾಸವು ವ್ಯಾಪಾರವಾದದ್ದು ಸುಂಕದ ಕೃಪೆಯಿಂದ. ಬ್ರಿಟನ್ನಿನಲ್ಲಿ 1940ರಿಂದ ಖರೀದಿ ತೆರಿಗೆ ಜಾರಿಯಲ್ಲಿತ್ತು. 1951ರಲ್ಲಿ ಕಾರುಗಳ ಮೇಲೆ ಅದು ಬೆಲೆಯ ಮೂರನೆಯ ಎರಡು ಪಾಲಿಗೆ ಏರಿತು. ಆದರೆ ಕಾನೂನಿಗೆ ಗೋಚರವಾಗುವುದು ಇಡೀ ಕಾರು. ಬಿಡಿಭಾಗಗಳ ಪೆಟ್ಟಿಗೆ ಅದರ ಕಣ್ಣಿಗೆ ಕಾರಲ್ಲ. ಕೊಂಡವನು ತಾನೇ ಜೋಡಿಸಿಕೊಳ್ಳುವುದಾದರೆ ತೆರಿಗೆ ಇಲ್ಲ. ಚಾಪ್ಮನ್ 1952ರಲ್ಲಿ ಮಾರ್ಕ್ ಆರು ಎಂಬ ಕಾರಿನ ಹಂದರವನ್ನು ಹೀಗೆ ಕಿಟ್ಟಾಗಿ ಮಾರಲಾರಂಭಿಸಿದ; ಎಂಜಿನ್ನು, ಅಚ್ಚುಗಳನ್ನು ಹಳೆಯ ಫೋರ್ಡ್ ಕಾರಿನಿಂದ ತಂದುಕೊಳ್ಳುವುದು ಕೊಂಡವನ ಪಾಲು. 1957ರಲ್ಲಿ ಬಂದ ಲೋಟಸ್ ಸೆವೆನ್ ಸಿದ್ಧರೂಪದಲ್ಲಿ ತೆರಿಗೆ ಸೇರಿ 1,036 ಪೌಂಡು. ಕಿಟ್ಟಾಗಿ 526 ಪೌಂಡು. ಕಿಟ್ಟಿನ ಜೊತೆ ಜೋಡಣೆಯ ಸೂಚನೆಗಳನ್ನು ಕೊಡುವಂತಿರಲಿಲ್ಲವಾದ್ದರಿಂದ ಕಾರನ್ನು ಬಿಚ್ಚುವ ಸೂಚನೆಗಳನ್ನು ಕೊಟ್ಟು, ಅವನ್ನು ಹಿಂದುಮುಂದಾಗಿ ಓದಿಕೊಳ್ಳಿರೆಂದು ಬಿಟ್ಟರೆಂಬ ಕಥೆ ಅಲ್ಲಿ ಬಹಳ ಪ್ರಚಲಿತ. 1967ರಲ್ಲಿ ಟೆಲಿವಿಷನ್ನಿನಲ್ಲಿ ಬಂದ ‘ದಿ ಪ್ರಿಸನರ್’ ಮಾಲಿಕೆಯ ನಾಯಕ ಓಡಿಸುವುದೂ ಲೋಟಸ್ ಸೆವೆನ್ನನ್ನೇ. ಹೆಸರನ್ನೇ ಕಳೆದುಕೊಂಡ ಆ ಮನುಷ್ಯ, ಕಾರು ತನ್ನದೆಂದು ಸಾಧಿಸುವುದು ತಾನೇ ಅದನ್ನು ಕೈಯಾರೆ ಕಟ್ಟಿದೆನೆಂಬ ಮಾತಿನಿಂದ.

ಇನ್ನೊಂದು ಕಾನೂನೂ ಈ ಹವ್ಯಾಸವನ್ನು ಪೋಷಿಸಿತು, ತನಗೆ ತಿಳಿಯದಂತೆಯೇ. 1960ರಲ್ಲಿ ಹತ್ತು ವರ್ಷ ಮೀರಿದ ಕಾರುಗಳಿಗೆ ಕಡ್ಡಾಯ ಪರೀಕ್ಷೆ ಬಂದಿತು, ಮರುವರ್ಷವೇ ಅವಧಿಯನ್ನು ಏಳು ವರ್ಷಕ್ಕೆ ಇಳಿಸಿದರು, 1967ರಲ್ಲಿ ಮೂರಕ್ಕೆ. ಇಂಗ್ಲೆಂಡಿನ ಮಳೆ, ಚಳಿಗಾಲದ ರಸ್ತೆಗೆ ಎರಚುವ ಉಪ್ಪು, ಇವೆರಡೂ ಸೇರಿ ಕಾರಿನ ತಗಡನ್ನು ತುಕ್ಕಾಗಿಸುತ್ತವೆ. ಎಂಜಿನ್ನಿಗೆ ಏನೂ ಆಗಿರುವುದಿಲ್ಲ. ಮೈ ಕೊಳೆತ, ಗುಂಡಿಗೆ ಗಟ್ಟಿಯಿರುವ ಇಂಥ ಕಾರುಗಳೇ ದಾನಿಗಳು. 1959ರ ಮಿನಿ ಕಾರಿನ ಭಾಗಗಳನ್ನು ಬಳಸಿದ ಮಿನಿ ಮಾರ್ಕೋಸ್ ಎಂಬ ಕಿಟ್ ಕಾರು 1966ರ ಲ ಮಾನ್ ಪಂದ್ಯದಲ್ಲಿ ಹದಿನೈದನೆಯದಾಗಿ ಗುರಿ ಮುಟ್ಟಿತು. ಆ ವರ್ಷ ಇಪ್ಪತ್ತನಾಲ್ಕು ಗಂಟೆಯ ಓಟವನ್ನು ಮುಗಿಸಿದ ಬ್ರಿಟಿಷ್ ಕಾರು ಅದೊಂದೇ. ಅತ್ತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಮೇಯರ್ಸ್ 1964ರಲ್ಲಿ ಫೈಬರ್‌ಗ್ಲಾಸಿನ ದೋಣಿಯಂಥ ಮೈಯೊಂದನ್ನು ರೂಪಿಸಿ, ಫೋಕ್ಸ್‌ವ್ಯಾಗನ್ ಬೀಟಲ್ಲಿನ ಅಂಗಗಳನ್ನು ಅದಕ್ಕೆ ಜೋಡಿಸಿ ಮರಳುದಿಣ್ಣೆಗಳ ಮೇಲೆ ಓಡಿಸಿದ. ಅದನ್ನು ನಕಲು ಮಾಡಿದವರ ಮೇಲೆ ಮೊಕದ್ದಮೆ ಹೂಡಿ ಸೋತ.

1973ರಲ್ಲಿ ಬ್ರಿಟನ್ ಯೂರೋಪಿನ ಆರ್ಥಿಕ ಒಕ್ಕೂಟವನ್ನು ಸೇರಿತು. ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಿತು. ಪೆಟ್ಟಿಗೆಯಲ್ಲಿದ್ದರೂ ತೆರಿಗೆ ತಪ್ಪದು. ಅದೇ ವರ್ಷ ಲೋಟಸ್ ಕಂಪನಿ ಸೆವೆನ್ ಕಾರಿನ ಹಕ್ಕನ್ನು ಕೇಟರಮ್ ಸಂಸ್ಥೆಗೆ ಮಾರಿತು. ಹಣದ ಲಾಭವೇ ಕಾರಣವಾಗಿದ್ದಲ್ಲಿ ಈ ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಔಂಡಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ರಾನ್ ಚಾಂಪಿಯನ್ 1996ರಲ್ಲಿ, 250 ಪೌಂಡಿನಷ್ಟು ಅಲ್ಪ ವೆಚ್ಚದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ತಿಳಿಸುವ ಪುಸ್ತಕವೊಂದನ್ನು ಪ್ರಕಟಿಸಿದ. ಸೆವೆನ್ನಿನ ಮಾದರಿಯ ಹಂದರವನ್ನು ಒಂದಂಗುಲದ ಚೌಕ ಉಕ್ಕಿನ ಕೊಳವೆಗಳನ್ನು ಕತ್ತರಿಸಿ, ಬೆಸುಗೆ ಹಾಕಿ ಮನೆಯಲ್ಲೇ ತಯಾರಿಸುವುದು. ದಾನಿ, ಹಳೆಯ ಫೋರ್ಡ್ ಎಸ್ಕಾರ್ಟ್. ಕಿಟ್ಟನ್ನೂ ಕೊಳ್ಳಬೇಕಾಗಿಲ್ಲವೆಂದಾಯಿತು.

ಈ ಕೆಲಸ ಒಬ್ಬನ ಕೈಯಲ್ಲಿ ಆಗುವಂಥದ್ದಲ್ಲ. ಮನೆಮಂದಿ ಅದರೊಳಕ್ಕೆ ತಾವಾಗಿಯೇ ಎಳೆಯಲ್ಪಡುತ್ತಾರೆ. ಬಿಚ್ಚಿದ ಒಂದೊಂದು ನಟ್ಟು ಬೋಲ್ಟನ್ನೂ ಚೀಲಕ್ಕೆ ಹಾಕಿ ಹೆಸರು ಬರೆದಿಡುವುದು ಸಾಮಾನ್ಯವಾಗಿ ಮಕ್ಕಳ ಪಾಲಿಗೆ ಬರುತ್ತದೆ. ಆರು ತಿಂಗಳ ನಂತರ ಆ ಬರಹವೇ ಆಧಾರ. ಬ್ರೇಕಿನ ನಳಿಕೆಗಳಲ್ಲಿ ಸೇರಿಕೊಂಡ ಗಾಳಿಯನ್ನು ಹೊರಹಾಕುವ ಕೆಲಸವನ್ನೇ ನೋಡಿ. ಒಬ್ಬರು ಒಳಗೆ ಕುಳಿತು ಪೆಡಲನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ನೆಲಕ್ಕೆ ಒರಗಿ ಪುಟ್ಟ ತಿರುಪೊಂದನ್ನು ಸಡಿಲಿಸಬೇಕು. ಗುಳ್ಳೆಗಳೊಡನೆ ಎಣ್ಣೆ ಹೊರಬರುತ್ತದೆ. ತಿರುಪು ಬಿಗಿದೆನೆಂದು ಕೂಗಿ ಹೇಳುವವರೆಗೆ ಪೆಡಲಿನ ಮೇಲಿನ ಕಾಲನ್ನು ಎತ್ತುವಂತಿಲ್ಲ. ಎತ್ತಿದರೆ ಗಾಳಿ ಮತ್ತೆ ಒಳಸೇರುತ್ತದೆ. ಹೀಗೆ ನಾಲ್ಕು ಚಕ್ರಗಳಿಗೂ. ಒಬ್ಬರಿಗೊಬ್ಬರ ಮುಖ ಕಾಣುವುದಿಲ್ಲ, ದನಿ ಮಾತ್ರ. ಹದಿಹರೆಯದ ಮಗಳೂ ತಂದೆಯೂ ಅಷ್ಟು ಹೊತ್ತು ಒಬ್ಬರ ಮಾತನ್ನೊಬ್ಬರು ತಪ್ಪದೆ ಕೇಳುವ ಸಂದರ್ಭ ಬೇರೆಲ್ಲಿ ಸಿಕ್ಕೀತು? ಮುಂದೆ ಆ ಬ್ರೇಕನ್ನು ನಂಬಿ ರಸ್ತೆಗಿಳಿಯುವವರೂ ಅವರೇ ತಾನೆ.

ರಸ್ತೆಯಲ್ಲಿ ಅವರಲ್ಲದೆ ಬೇರೆಯವರೂ ಇರುತ್ತಾರೆಂಬುದನ್ನು ಸರ್ಕಾರ ಮರೆಯುವಂತಿಲ್ಲ. 1998ರಿಂದ ಇಂಥ ಒಂದೊಂದು ಕಾರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿಯೇ ರಸ್ತೆಗೆ ಬಿಡುವ ಕ್ರಮ ಬಂದಿತು. 2009ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ತಾಗಬಹುದಾದ ಹೊರ ಅಂಚು 2.5 ಮಿಲಿಮೀಟರಿನಷ್ಟಾದರೂ ದುಂಡಗಿರಬೇಕೆಂಬ ನಿಯಮಕ್ಕಾಗಿ, ಪರೀಕ್ಷೆಯ ಹಿಂದಿನ ರಾತ್ರಿ ಬೋಲ್ಟುಗಳಿಗೆ ರಬ್ಬರ್ ಟೋಪಿ ತೊಡಿಸುವುದು ಈ ಮನೆಗಳಲ್ಲಿ ಹಬ್ಬದ ಹಿಂದಿನ ದಿನದ ಸಡಗರವಿದ್ದಂತೆ. ಇದನ್ನು ಕಿರುಕುಳವೆನ್ನುವವರು ಉಂಟು. ನಾನು ಅವರ ಪಕ್ಷದವನಲ್ಲ. ಪಾದಚಾರಿಯ ಮೊಣಕಾಲಿಗೂ ಒಂದು ಹಕ್ಕಿದೆ.

ಕಟ್ಟಿ ನಿಲ್ಲಿಸಿದ ಕಾರು ಹಳೆಯದೋ ಹೊಸದೋ? ಮಿಲಿಂದ ಮಹಾರಾಜನನ್ನು ನಾಗಸೇನ ಕೇಳಿದ್ದು ಇದನ್ನೇ: ಚಕ್ರ ರಥವೆ, ಅಚ್ಚು ರಥವೆ, ನೊಗ ರಥವೆ? ಬ್ರಿಟನ್ನಿನ ನೋಂದಣಿ ಇಲಾಖೆ ಇದಕ್ಕೆ ಅಂಕಗಳ ಲೆಕ್ಕದಲ್ಲಿ ಉತ್ತರ ಕೊಟ್ಟಿತು. ಹಂದರಕ್ಕೆ ಐದು, ಸಸ್ಪೆನ್ಷನ್ನಿಗೆ ಎರಡು, ಅಚ್ಚುಗಳಿಗೆ ಎರಡು, ಗೇರ್‌ಬಾಕ್ಸಿಗೆ ಎರಡು, ಸ್ಟಿಯರಿಂಗಿಗೆ ಎರಡು, ಎಂಜಿನ್ನಿಗೆ ಒಂದೇ ಒಂದು. ಎಂಟು ಅಂಕ ಉಳಿದರೆ ಹಳೆಯ ಕಾರಿನ ಸಂಖ್ಯೆ ಉಳಿಯುತ್ತಿತ್ತು. ಹುಟ್ಟು ಗೊತ್ತುಮಾಡಲಾಗದ ಬೆರಕೆ ಕಾರಿಗೆ 1983ರಿಂದ ‘ಕ್ಯೂ’ ಅಕ್ಷರದ ಫಲಕ. ಗುಂಡಿಗೆಗೆ ಒಂದು ಅಂಕ, ಮೂಳೆಗೆ ಐದು! ಕವಿಗಳು ಒಪ್ಪಲಾರರು. ನಮ್ಮಲ್ಲಾದರೋ 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲು ಅವಕಾಶ ಕೊಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು.

ಚಾಂಪಿಯನ್ನನ ಪುಸ್ತಕಕ್ಕೂ ಕಾಲ ಸರಿಯಿತು. ಫೋರ್ಡ್ ಕಂಪನಿ 1980ರಲ್ಲೇ ಎಸ್ಕಾರ್ಟಿನ ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳಿಂದ ಮುಂದಿನವಕ್ಕೆ ಬದಲಾಯಿಸಿತ್ತು. ಸೆವೆನ್ನಿನ ಮಾದರಿಗೆ ಬೇಕಾದದ್ದು ಹಿಂದಿನ ಚಕ್ರ. 2007ರಲ್ಲಿ ಕ್ರಿಸ್ ಗಿಬ್ಸ್ ಬರೆದ ಹೊಸ ಪುಸ್ತಕದಲ್ಲಿ ದಾನಿ ಫೋರ್ಡ್ ಸಿಯೆರಾ ಆಯಿತು. ಅದೂ ವಿರಳವಾದ ಮೇಲೆ ಜಪಾನಿನ ಮಾಜ್ದಾ ಎಂಎಕ್ಸ್-5ರ ಸರದಿ ಬಂದಿತು. ಒಂದು ಕಾಲಕ್ಕೆ ಎಂಜಿನ್ನು ತೆಗೆದು ಗುಜರಿಗೆ ಎಸೆಯುತ್ತಿದ್ದ ಹಳೆಯ ಎಸ್ಕಾರ್ಟುಗಳನ್ನು ಈಗ ಸಂಗ್ರಾಹಕರು ದುಬಾರಿ ಬೆಲೆ ಕೊಟ್ಟು ಒಯ್ಯುತ್ತಾರೆ. ಬಿಚ್ಚುವ ಮಾತೆತ್ತಿದರೆ ಅವರಿಗೆ ಸಿಟ್ಟು ಬರುತ್ತದೆ.